ಸೈಕಲ್ಲೇರಿ ಮಾರಿಕಣಿವೆಗೆ

ಮದುವೆಗೆ, ಮುಂಜಿಗೆ, ಬಾಣಂತನಕ್ಕೆ, ಜಾತ್ರೆಗೆ ಎಂದರೆ ನಾವು ಹೆಂಗಸರು ಎಷ್ಟು ದೂರವಾದರೂ ಹೋಗಿಬರುತ್ತೇವೆ. ಯಾರೂ ಏಕೆಂದು ಕೇಳುವುದಿಲ್ಲ. ಆದರೆ ಸುಮ್ಮನೆ ಊರು ನೋಡಲು, ಅದೂ ಒಬ್ಬಳೇ, ಅದೂ ಸೈಕಲ್ಲಿನ ಮೇಲೆ ಹೊರಟರೆ? ಹೋದ ಮಾರ್ಗಶಿರದಲ್ಲಿ ನಾನು ಚಿತ್ರದುರ್ಗದಿಂದ ಹಿರಿಯೂರಿನ ಮೇಲೆ ಮಾರಿಕಣಿವೆಗೆ ಸೈಕಲ್ಲಿನಲ್ಲಿ ಹೋಗಿ, ಗುಡಾರದಲ್ಲಿ ಒಂದು ರಾತ್ರಿ ಕಳೆದು ಬಂದೆ. ದಾರಿಯುದ್ದಕ್ಕೂ ಕೇಳಿಸಿಕೊಂಡ ಪ್ರಶ್ನೆ ಒಂದೇ: “ಏನಮ್ಮಾ, ಹರಕೆಯಾ?”

ನನಗೆ ಈ ಹುಚ್ಚು ಹತ್ತಿದ್ದು ಐರ್ಲೆಂಡಿನ ಡರ್ವ್ಲಾ ಮರ್ಫಿಯ ವಿಷಯ ಓದಿದ ಮೇಲೆ. ಹತ್ತನೆಯ ಹುಟ್ಟುಹಬ್ಬಕ್ಕೆ ಆಕೆಗೆ ಒಂದು ಸೈಕಲ್ಲು, ಒಂದು ಭೂಪಟದ ಪುಸ್ತಕ ಸಿಕ್ಕವಂತೆ. ಇಂಡಿಯಾಕ್ಕೆ ಸೈಕಲ್ಲಿನಲ್ಲೇ ಹೋಗಬೇಕೆಂದು ಆಗಲೇ ಆಸೆಪಟ್ಟಳು. ಆದರೆ ತಾಯಿ ಸಂಧಿವಾತದಿಂದ ಎದ್ದು ಓಡಾಡಲಾರದವರು. 14ಕ್ಕೇ ಶಾಲೆ ಬಿಟ್ಟು ಅವರ ಆರೈಕೆಗೆ ನಿಂತಳು. ತಾಯಿ ತೀರಿಕೊಂಡ ಮೇಲೆ, 1963ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ ಒಬ್ಬಳೇ ಹೊರಟು ದೆಹಲಿ ಮುಟ್ಟಿದಳು. ಇಪ್ಪತ್ತೊಂದು ವರ್ಷ ಆಸೆಯನ್ನು ಆರದಂತೆ ಕಾಪಾಡಿಕೊಂಡವಳು! ಅವಳು ದೇಶಗಳನ್ನೇ ದಾಟಿದಳು. ನನಗೆ ಅರವತ್ತು ಕಿಲೋಮೀಟರಾದರೂ ಆಗದೆ?

ಸೈಕಲ್ಲು ಮಗಳದು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆಂದು ಶುರುಮಾಡಿದ ಯೋಜನೆಯಲ್ಲಿ ಅವಳ ಸರದಿಗೆ ಬಂದದ್ದು. ಗೇರು ಗೀರು ಏನೂ ಇಲ್ಲ. ಗುಡಾರ ತಮ್ಮನ ಮಗನದು. ಮಡಿಸಿದರೆ ಚಾಪೆಯ ಸುರುಳಿಯಷ್ಟು, ತೂಕ ಎರಡು ಕೆ.ಜಿ. ನಮ್ಮವರು ಮೊದಲು ನಕ್ಕರು. ಆಮೇಲೆ ಮುಖ ಸಣ್ಣದು ಮಾಡಿಕೊಂಡು, “ರಾತ್ರಿ ಎಲ್ಲಿ ಮಲಗ್ತೀಯ?” ಎಂದರು. ನ್ಯಾಯವಾದ ಪ್ರಶ್ನೆಯೇ. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ನಾನು ಒಂದು ರಾತ್ರಿಯೂ ಒಬ್ಬಳೇ ಮಲಗಿದವಳಲ್ಲ. “ಹೊತ್ತು ಮುಳುಗುವುದರೊಳಗೆ ಫೋನು ಮಾಡ್ತೀನಿ” ಎಂದೆ. ಒಪ್ಪಿದರು.

ಬೆಳಗಿನ ಆರೂಕಾಲಿಗೆ ಹೊರಟೆ. ಹಿಂದೆ ಜೋಗಿಮಟ್ಟಿಯ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿಲೋಮೀಟರು, ಒಟ್ಟಿನಲ್ಲಿ ಇಳಿಜಾರೇ. ಆದರೆ ಚಳಿಗಾಲದ ಮೂಡಣ ಗಾಳಿ ಎದುರಿನಿಂದ ಎದೆಗೇ ಹೊಡೆಯುತ್ತದೆ. ಇಳಿಜಾರಿನಲ್ಲೂ ತುಳಿಯಬೇಕು! ಹೆದ್ದಾರಿಯ ಲಾರಿಗಳ ಆರ್ಭಟ ಬೇಡವೆಂದು, ಪಕ್ಕದ ಸರ್ವೀಸ್ ರಸ್ತೆ ಇದ್ದಲ್ಲೆಲ್ಲ ಅದನ್ನೇ ಹಿಡಿದೆ. ಎರಡೂ ಬದಿ ಕಾಯಿ ಕಟ್ಟಿದ ತೊಗರಿ. ಐಮಂಗಲದಲ್ಲಿ ಟೀ ಕುಡಿದೆ. ಅಂಗಡಿಯಾತ ದುಡ್ಡು ತೆಗೆದುಕೊಳ್ಳುತ್ತಾ, “ಯಜಮಾನ್ರು ಹಿಂದೆ ಬರ್ತವ್ರಾ?” ಎಂದ. ಇಲ್ಲವೆಂದೆ. “ಹಂಗಾರೆ ಹರಕೆನೇ ಇರ್ಬೇಕು ಬಿಡಿ” ಎಂದು ತಾನೇ ತೀರ್ಮಾನ ಮಾಡಿದ.

ಐಮಂಗಲ ದಾಟಿ ಸ್ವಲ್ಪ ಹೊತ್ತಿಗೆ ಹಿಂದಿನ ಚಕ್ರ ಮೆತ್ತಗಾಯಿತು. ಬಳ್ಳಾರಿ ಜಾಲಿಯ ಮುಳ್ಳು! ನಮ್ಮ ಬೀದಿಯ ಸೈಕಲ್ ಷಾಪಿನ ಹುಡುಗನ ಹತ್ತಿರ ಎರಡು ಮಧ್ಯಾಹ್ನ ಕೂತು ಪಂಕ್ಚರ್ ಹಾಕುವುದನ್ನು ಕಲಿತಿದ್ದು ಸಾರ್ಥಕವಾಯಿತು. ಟ್ಯೂಬು ಅದ್ದಿ ನೋಡಲು ಅಲ್ಲಿ ನೀರಿನ ಬೋಗುಣಿ ಎಲ್ಲಿಂದ ಬರಬೇಕು? ಗಾಳಿ ತುಂಬಿದ ಟ್ಯೂಬನ್ನು ಒದ್ದೆ ತುಟಿಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸುತ್ತಾ ಹೋದರೆ, ತೂತಿದ್ದಲ್ಲಿ ತಣ್ಣಗೆ ತಾಗುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು. ಕೈಯೆಲ್ಲ ಮಸಿ, ಆದರೂ ಹಬ್ಬದಡಿಗೆ ಮುಗಿಸಿದಷ್ಟು ಸಮಾಧಾನ.

ಹಿರಿಯೂರಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದು ಪಶ್ಚಿಮಕ್ಕೆ ತಿರುಗಿದೆ. ಈಗ ಗಾಳಿ ಬೆನ್ನಿಗೆ! ನಾಲೆಯ ನೀರುಂಡ ತೆಂಗಿನ ತೋಟಗಳ ತಂಪಿನಲ್ಲಿ ಸುಮಾರು 18 ಕಿಲೋಮೀಟರು ಹೋದದ್ದೇ ತಿಳಿಯಲಿಲ್ಲ. ಮೂರು ಗಂಟೆಗೆಲ್ಲ ಅಣೆಕಟ್ಟು ಕಂಡಿತು.

ಎರಡು ಗುಡ್ಡಗಳ ನಡುವಿನ ಕಿಂಡಿಯಲ್ಲಿ ವೇದಾವತಿಗೆ ಕಟ್ಟಿದ ಕಲ್ಲಿನ ಅಣೆಕಟ್ಟು ಅದು. ಕಣಿವೆ ಮಾರಮ್ಮನ ಸನ್ನಿಧಿಯಾದ್ದರಿಂದ ಮಾರಿಕಣಿವೆ. ವಾಣಿವಿಲಾಸ ಸಾಗರವೆಂಬ ಹೆಸರು ಮಹಾರಾಣಿ ಕೆಂಪನಂಜಮ್ಮಣ್ಣಿಯವರದು. ಮೂವತ್ತು ತುಂಬುವ ಮೊದಲೇ ಪತಿಯನ್ನು ಕಳೆದುಕೊಂಡು, ಚಿಕ್ಕ ಮಗನ ಪರವಾಗಿ ಮೈಸೂರು ಸಂಸ್ಥಾನವನ್ನು 1902ರವರೆಗೆ ನಡೆಸಿದಾಕೆ. ಅವರ ಕಾಲದಲ್ಲಿ ಆರಂಭವಾದ ಕೆಲಸ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷದ ನಂತರ, 2022ರ ಸೆಪ್ಟೆಂಬರಿನಲ್ಲಿ.

ನಾಲ್ಕೂವರೆಗೆ ಜಾಗ ಹುಡುಕಲು ಹೊರಟೆ. ಹತ್ತಿರದ ಹಳ್ಳಿಯ ಅಂಚಿನಲ್ಲಿ ಒಂದು ಮನೆ, ಪಕ್ಕಕ್ಕೆ ಸಾರಿಸಿದ ಕಣ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಒಬ್ಬ ಅಜ್ಜಿ ಕೂತಿದ್ದರು. ನಾನೂ ಕೂತು ಒಂದು ಬೊಗಸೆ ಬಿಡಿಸಿ, ಆಮೇಲೆ ಕೇಳಿದೆ.

“ಯಾವೂರವ್ವ ನಿಂದು? ಮಾರಮ್ಮಂಗೆ ಹರಕೆ ಇತ್ತಾ?”

“ಇಲ್ಲ ಅಜ್ಜಿ. ಸುಮ್ನೆ ನೋಡೋಕೆ ಬಂದೆ.”

ಎಲ್ಲರಂತೆ ಅವರೂ ಹುಬ್ಬೇರಿಸುತ್ತಾರೆ ಎಂದುಕೊಂಡೆ. ಅಜ್ಜಿ ಅವರೆಕಾಯಿ ಮೊರಕ್ಕೆ ಹಾಕಿ, “ನಾನೂ ಕೋಡಿ ಬಿದ್ದ ದಿನ ಒಬ್ಬಳೇ ನಡ್ಕಂಡು ಹೋಗಿ ನೋಡ್ಕಂಡು ಬಂದೆ ಕಣವ್ವ. ನಮ್ಮತ್ತೆ ಚಿಕ್ಕೋಳಿದ್ದಾಗ ನೋಡಿದ್ಲಂತೆ, ಸಾಯೋತಂಕ ಅದನ್ನೇ ಹೇಳಾಳು. ಹೇಳದೆ ಹೋದೆ ಅಂತ ಮಗ ಬೈದ. ಬೈಲಿ, ನೋಡ್ದೆ ಅಲ್ವಾ!” ಎಂದರು.

ಒಳಗೇ ಮಲಗು ಎಂದು ಬಹಳ ಹೇಳಿದರು. ಗುಡಾರದ ಆಸೆ ಹೇಳಿದ ಮೇಲೆ ನಕ್ಕು, ಕಣದಲ್ಲಿ ಜಾಗ ತೋರಿಸಿದರು. ಕಟ್ಟಿ ನಿಲ್ಲಿಸುತ್ತಲೇ ಮೊದಲು ತಾವೇ ಬಗ್ಗಿ ಒಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತರು. “ಕೋಳಿಗೂಡು ಇದ್ದಂಗೈತೆ” ಎಂದರೂ ಹತ್ತು ನಿಮಿಷ ಎದ್ದು ಬರಲಿಲ್ಲ. ಮನೆಗೆ ಫೋನು ಮಾಡಿದೆ. ಜಾಗ ಸಿಕ್ಕಿತೆಂದು ಕೇಳಿ ನಿಟ್ಟುಸಿರು ಬಿಟ್ಟ ನಮ್ಮವರ ಮುಂದಿನ ಮಾತು, “ಬೇಳೆಗೆ ಕುಕ್ಕರು ಎಷ್ಟು ಸಲ ಕೂಗಬೇಕು?”

ರಾತ್ರಿ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಎಲೆ ಅಲುಗಿದರೂ ಎದ್ದು ಕೂರುತ್ತಿದ್ದೆ. ನಡುರಾತ್ರಿ ಅಜ್ಜಿಯ ಮನೆಯ ನಾಯಿ ಬಂದು ಗುಡಾರಕ್ಕೆ ಒರಗಿ ಮಲಗಿತು. ಬಟ್ಟೆಯ ಆಚೆಯಿಂದ ಅದರ ಬೆನ್ನಿನ ಬಿಸಿ ತಾಗುತ್ತಿತ್ತು. ಆಮೇಲೆ ಕೋಳಿ ಕೂಗಿದಾಗಲೇ ಎಚ್ಚರ.

ಹೊರಡಬೇಕೆನ್ನುವ ಸೋದರಿಯರಿಗೆ ಎರಡು ಮಾತು. ಹೊತ್ತು ಮುಳುಗಲು ಒಂದೂವರೆ ಗಂಟೆ ಇರುವಾಗಲೇ ತಂಗುವ ಜಾಗ ಹುಡುಕಿ. ಹೆಂಗಸರಿರುವ ಮನೆಯ ಅಂಗಳವನ್ನೇ ಕೇಳಿ. ಎಲ್ಲಿದ್ದೀರೆಂದು ಮನೆಗೆ ತಿಳಿಸಿ. ಪಂಪು, ಪ್ಯಾಚು, ಸಲ್ಯೂಷನ್ ಜೊತೆಗಿರಲಿ. ಬುತ್ತಿಗೆ ರಾಗಿ ಹುರಿಹಿಟ್ಟಿಗಿಂತ ಒಳ್ಳೆಯದಿಲ್ಲ: ಎರಡು ಹಿಡಿ ಹಿಟ್ಟು, ನಿಂಬೆ ಗಾತ್ರದ ಬೆಲ್ಲ, ಚಿಟಿಕೆ ಏಲಕ್ಕಿ, ಬಿಸಿ ಹಾಲಾಗಲಿ ನೀರಾಗಲಿ ಹಾಕಿ ಕಲಸಿದರೆ ಒಲೆಯೇ ಬೇಡ. ಇನ್ನು ಮಕ್ಕಳ ಹಳೆಯ ಸೈಕಲ್ಲು ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದರೆ, ಇವತ್ತೇ ಅದರ ಸರಪಳಿಗೆ ನಾಲ್ಕು ತೊಟ್ಟು ಎಣ್ಣೆ ಬಿಡಿ.