ಹಲ್ಲು ಮುರಿದ ಕ್ಯಾಸೆಟ್ಟು

ಕೇಬಲ್ಲಿನ ರಿಮೋಟಿಗೆ ಶೆಲ್ಲು ಹುಡುಕುತ್ತಿದ್ದೆ. ಅಡುಗೆಮನೆಯ ಮೂರನೇ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡು, ಪಿಜ್ಜಾದವನು ಕೊಟ್ಟ ಮೆಣಸಿನಪುಡಿ ಪೊಟ್ಟಣ, ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈಗಳು. ಅವುಗಳ ಕೆಳಗೆ ಕೈಗೆ ಸಿಕ್ಕಿದ್ದು ಟಿವೋ ಎಂಬ ಟೀವಿ ರೆಕಾರ್ಡರಿನ ರಿಮೋಟು. ನಡು ಸಣ್ಣ, ಎರಡೂ ತುದಿ ಉಬ್ಬು. ಅಮೆರಿಕದವರೇ ಅದನ್ನು ಕಡಲೇಕಾಯಿ ಅಂತ ಕರೆದರು. ಬಸವನಗುಡಿಯ ಪರಿಷೆಯಲ್ಲಿ ಗುಡ್ಡೆಯ ಮೇಲಿಟ್ಟರೆ ಯಾರಾದರೂ ಒಡೆದು ನೋಡಿಯೇ ನೋಡುತ್ತಾರೆ.

2004ರಲ್ಲಿ, ಸ್ಯಾನ್ ಹೊಸೆಯ ಬಾಡಿಗೆ ಮನೆಯಲ್ಲಿ, ನನಗೂ ಹೆಂಡತಿಗೂ ವಾರಗಟ್ಟಲೆ ಮಾತು ನಡೆದದ್ದು ಇದರ ಮೇಲೆ. ಕೇಬಲ್ ಕಂಪನಿಯವರು ತಮ್ಮದೇ ರೆಕಾರ್ಡರ್ ಡಬ್ಬ ಕೊಡುತ್ತಿದ್ದರು, ತಿಂಗಳಿಗೆ ಹತ್ತು ಡಾಲರಿನ ಆಸುಪಾಸು ಬಾಡಿಗೆ. ಟಿವೋ ಆದರೆ ಪೆಟ್ಟಿಗೆ ಕೊಳ್ಳಬೇಕು, ಮೇಲೆ 299 ಡಾಲರ್ ಕಟ್ಟಿ ಆಜೀವ ಚಂದಾದಾರನಾಗಬೇಕು. ಯಾರ ಜೀವ ಎಂದು ಸಣ್ಣಕ್ಷರದಲ್ಲಿ ನೋಡಿದೆ. ನನ್ನದಲ್ಲ, ಪೆಟ್ಟಿಗೆಯದು.

“ಬಾಡಿಗೆದು ಕೆಟ್ಟರೆ ಅವರೇ ಬದಲಾಯಿಸಿ ಕೊಡ್ತಾರೆ. ನಮ್ಮದೇ ಆದ್ರೆ ನೀವು ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತ್ಕೋತೀರಿ, ಅಷ್ಟೆ,” ಎಂದಳು. ಲೆಕ್ಕದಲ್ಲಿ ಅವಳು ಸರಿ. ನನ್ನ ಹತ್ತಿರ ಇದ್ದದ್ದು ಲೆಕ್ಕವಲ್ಲ, ಒಂದು ಹಲ್ಲು.

ವೀಡಿಯೊ ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯಲ್ಲಿ ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ ತುಣುಕು ಇರುತ್ತಿತ್ತು. ಅದಿದ್ದರೆ ಕ್ಯಾಸೆಟ್ಟಿಗೆ ಹೊಸದನ್ನು ತುಂಬಬಹುದು. ಅದನ್ನು ಮುರಿದುಬಿಟ್ಟರೆ, ಯಂತ್ರದೊಳಗಿನ ಸಣ್ಣ ಕಡ್ಡಿ ತಡಕಾಡಿ, ಹಲ್ಲಿಲ್ಲದ್ದನ್ನು ಕಂಡು, ರೆಕಾರ್ಡ್ ಮಾಡಲು ಒಪ್ಪುವುದಿಲ್ಲ. ಅಳಿಸಬಾರದ್ದನ್ನು ಕಾಯಲು ಇಷ್ಟು ಅಗ್ಗದ, ಇಷ್ಟು ನಂಬಿಕಸ್ಥ ಏರ್ಪಾಡು ಮತ್ತೆ ಬಂದಿಲ್ಲ. ಒಂದು ಸ್ಕ್ರೂಡ್ರೈವರು, ಒಂದು ‘ಟಕ್’, ಮುಗಿಯಿತು.

ನಾನು ಬೆಳೆದ ಅರಸೀಕೆರೆಯಲ್ಲಿ ಮೊದಮೊದಲು ಎಲ್ಲ ಬಾಡಿಗೆಯೇ. ಅಂಗಡಿಯವನು ಟೀವಿ, ವಿಸಿಪಿ, ಮೂರು ಸಿನಿಮಾ ತಂದು ಕೂರಿಸಿ ಹೋದರೆ ಬೆಳಗಿನ ತನಕ ಬೀದಿಯೆಲ್ಲ ನಮ್ಮ ನಡುಮನೆಯಲ್ಲಿ. ವಿಸಿಪಿ ತೋರಿಸುತ್ತದೆ, ತುಂಬಿಕೊಳ್ಳುವುದಿಲ್ಲ. ತುಂಬಿಕೊಳ್ಳುವ ವಿಸಿಆರ್ ಬಂದದ್ದು 1987ರ ಸಂಕ್ರಾಂತಿಗೆ, ಮಸ್ಕತ್ತಿನಿಂದ ರಜದ ಮೇಲೆ ಬಂದ ಸೋದರಮಾವನ ಜೊತೆ. ಜನವರಿ 25ರಿಂದ ಭಾನುವಾರದ ರಾಮಾಯಣ ಶುರುವಾಯಿತು. ಅಜ್ಜಿಗೋಸ್ಕರ ಮಾವ ಒಂದು ಇ-180 ಕ್ಯಾಸೆಟ್ಟಿಗೆ ಸೀತಾಸ್ವಯಂವರ ತುಂಬಿಸಿ, ಅವಳ ಎದುರಿಗೇ ಹಲ್ಲು ಮುರಿದ. ಅಜ್ಜಿ ಬೆಚ್ಚಿದಳು.

“ಅಯ್ಯೋ, ಹೊಸಾದನ್ನ ಯಾಕೋ ಮುರಿದೆ?”

“ಇನ್ನು ಯಾರೂ ಇದರ ಮೇಲೆ ಏನೂ ತುಂಬಕ್ಕಾಗಲ್ಲ ಕಣಮ್ಮ. ಇದು ನಿನ್ನದೇ.”

ಆ ಮುರಿದ ಚೂರನ್ನು ಅಜ್ಜಿ ಬಿಸಾಕಲಿಲ್ಲ. ಅಡಕೆ ಡಬ್ಬಿಯಲ್ಲಿ ಇಟ್ಟುಕೊಂಡಳು. ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಸ್ವಯಂವರ ನೋಡಿ, ಅಲ್ಲಿಗೇ ನಿಲ್ಲಿಸಿ ಮಲಗುವುದು ಅವಳ ರೂಢಿ. ಹಿಂದಕ್ಕೆ ಸುತ್ತುವ ಗೋಜಿಗೆ ಹೋಗುತ್ತಿರಲಿಲ್ಲ.

ಆ ವರ್ಷ ನವೆಂಬರ್ 5, ಗುರುವಾರ. ಮುಂಬಯಿಯ ವಾಂಖೆಡೆಯಲ್ಲಿ ವಿಶ್ವಕಪ್ ಸೆಮಿಫೈನಲ್, ಇಂಗ್ಲೆಂಡಿನ ಮೇಲೆ. ಚಿಕ್ಕಪ್ಪನಿಗೆ ಬ್ಯಾಂಕಿನಲ್ಲಿ ರಜ ಸಿಗಲಿಲ್ಲ. ನಾನು ಜ್ವರದ ನೆಪದಲ್ಲಿ ಮನೆಯಲ್ಲಿದ್ದೆ. “ಕರೆಂಟ್ ಬಂದ ತಕ್ಷಣ ರೆಕಾರ್ಡ್ ಒತ್ತೋ” ಎಂದು ಹೇಳಿ ಹೋದ. ಖಾಲಿ ಕ್ಯಾಸೆಟ್ಟು ಇಟ್ಟು ಹೋಗಲಿಲ್ಲ. ಹಲ್ಲು ಮುರಿದ ಜಾಗಕ್ಕೆ ಒಂದು ತುಂಡು ಸೆಲ್ಲೋಟೇಪು ಅಂಟಿಸಿದರೆ ಯಂತ್ರ ಮೋಸಹೋಗುತ್ತದೆ ಎಂಬ ವಿದ್ಯೆ ಏಳನೇ ಕ್ಲಾಸಿನ ನಮಗೆಲ್ಲ ಬಂದಿತ್ತು. ಅಂಟಿಸಿದೆ. ಒತ್ತಿದೆ.

ಮರುದಿನ ಮಧ್ಯಾಹ್ನ ಅಜ್ಜಿ ಎಲೆಯಡಿಕೆ ತಟ್ಟೆಯೊಂದಿಗೆ ಕೂತಳು. ರಾಜರು ಒಬ್ಬೊಬ್ಬರಾಗಿ ಬಂದು ಶಿವಧನುಸ್ಸಿಗೆ ಕೈಹಚ್ಚಿ ಸೋಲುತ್ತಿದ್ದಾರೆ. ಒಬ್ಬ ಬೆವರೊರೆಸಿಕೊಂಡು ತಿರುಗಿದ. ಪರದೆ ಒಮ್ಮೆ ಕದಡಿತು. ಮೀಸೆಯ ಗ್ರಹಾಂ ಗೂಚ್ ನೆಲಕ್ಕೆ ಮಂಡಿ ಊರಿ ಚೆಂಡನ್ನು ಗುಡಿಸಿ ಹಾಕುತ್ತಿದ್ದ. ಅಜ್ಜಿ ಕನ್ನಡಕ ಮೇಲೆತ್ತಿದಳು.

“ಇವನ್ಯಾರೋ? ಯಾವ ದೇಶದ ರಾಜ? ಮಂಡಿ ಊರಿದ್ರೂ ಎತ್ತಕ್ಕಾಗ್ತಿಲ್ವಲ್ಲ.”

ಗೂಚ್ ಎತ್ತಿದ್ದ. 115 ಹೊಡೆದ, ನಾವು 35 ರನ್ನಿಂದ ಸೋತೆವು. ಚಿಕ್ಕಪ್ಪನೂ ಆ ಕ್ಯಾಸೆಟ್ಟನ್ನು ನೋಡಲಿಲ್ಲ. ಅಜ್ಜಿ ಬೈಯಲಿಲ್ಲ. ಅಡಕೆ ಡಬ್ಬಿಯಿಂದ ಆ ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟು, “ಇದನ್ನ ಅಂಟಿಸಿದ್ರೆ ರಾಮ ಬರ್ತಾನೇನೋ?” ಅಂತ ಕೇಳಿದಳು. ನಿಜಕ್ಕೂ ಕೇಳಿದ್ದೋ ಚುಚ್ಚಿದ್ದೋ ಇವತ್ತಿಗೂ ತಿಳಿದಿಲ್ಲ.

ಅಮೆರಿಕದ ಇತಿಹಾಸದಲ್ಲಿ ನನಗೆ ತೀರ ಬೇಕಾದವನೂ ಹೀಗೆ ಅಳಿಸಿದವನೇ. ಯೂನಿವರ್ಸಲ್, ಡಿಸ್ನಿ ಕಂಪನಿಗಳು 1976ರಲ್ಲಿ ಸೋನಿಯ ಬೆಟಾಮ್ಯಾಕ್ಸ್ ವಿಸಿಆರ್ ಮೇಲೆ ದಾವೆ ಹೂಡಿದಾಗ, ಆ ಯಂತ್ರ ಬಳಸುವ ಒಬ್ಬ ಸಾಮಾನ್ಯ ಗೃಹಸ್ಥನನ್ನೂ ಪ್ರತಿವಾದಿ ಮಾಡಿದವು. ತಮಾಷೆಯೆಂದರೆ ಆತ ದಾವೆ ಹೂಡಿದ ಕಡೆಯ ವಕೀಲರದೇ ಕಕ್ಷಿದಾರ, ಒಪ್ಪಿಯೇ ನಿಂತವನು. ಅವನಿಂದ ಯಾರಿಗೂ ಏನೂ ಬೇಕಿರಲಿಲ್ಲ. 1984ರ ಜನವರಿ 17ರಂದು ಸುಪ್ರೀಂ ಕೋರ್ಟು, ಆಮೇಲೆ ನೋಡಲೆಂದು ಮನೆಯಲ್ಲಿ ತುಂಬಿಸಿಕೊಳ್ಳುವುದು ತಪ್ಪಲ್ಲ ಎಂದು ಐದಕ್ಕೆ ನಾಲ್ಕು ಮತಗಳಲ್ಲಿ ಹೇಳಿತು. ಎಲ್ಲರೂ ನೆನಪಿಡುವುದು ಅದನ್ನು. ನನಗೆ ನೆನಪಿರುವುದು ಮೊಕದ್ದಮೆಯ ಕಾಗದಗಳಲ್ಲಿರುವ ಆ ಮನುಷ್ಯನ ಸಂಗತಿ: ಅವನ ಹತ್ತಿರ ನೂರರಷ್ಟು ಟೇಪುಗಳಿದ್ದವು, ಒಂದು ಭಂಡಾರವನ್ನೇ ಕಟ್ಟುವ ಆಸೆಯಿತ್ತು, ಖರ್ಚು ತಾಳದೆ ಹಳೆಯವನ್ನು ಅಳಿಸಿ ಅವುಗಳ ಮೇಲೇ ಹೊಸದನ್ನು ತುಂಬುತ್ತಿದ್ದ. ಯಾವುದನ್ನು ಅಳಿಸಿದ, ಅವನ ಮನೆಯಲ್ಲಿ ಯಾರು ಕನ್ನಡಕ ಮೇಲೆತ್ತಿದರು ಎಂದು ಕೋರ್ಟು ಕೇಳಲಿಲ್ಲ.

ಇರಲಿ. ಟಿವೋ ಕೊಂಡೆ. ಅದರ ಮೊದಲ ಪೆಟ್ಟಿಗೆಗಳು ಹೊರಟದ್ದು 1999ರ ಮಾರ್ಚ್ 31ರಂದು, ಒಂದೇ ತಿಂಗಳಿನ ಎರಡನೇ ಹುಣ್ಣಿಮೆಯ ದಿನ. ಕಂಪನಿ ಇದ್ದದ್ದೂ ನಮ್ಮೂರಿನ ಉತ್ತರದ ತುದಿ ಅಲ್ವೀಸೋದಲ್ಲಿ, ಅದೂ ನನಗೆ ಒಂದು ಕಾರಣವಾಗಿ ಕಂಡಿತು. ಅದರಲ್ಲಿ ‘ನಾನು ಅಳಿಸುವ ತನಕ ಇಟ್ಟುಕೋ’ ಎಂಬ ಆಜ್ಞೆ ಇತ್ತು. ಹಲ್ಲು ಮುರಿದಂತೆಯೇ. ಆದರೆ ಚಾನೆಲ್ಲು ಬರುತ್ತಿದ್ದದ್ದು ಕೇಬಲ್ಲಿನವರ ಡಬ್ಬದಿಂದ. ಸ್ವಂತದ್ದು ಕೊಂಡರೂ ಬಾಡಿಗೆಯದು ಮನೆಯಲ್ಲಿ ಇರಲೇಬೇಕು. ಟಿವೋದಿಂದ ಹೊರಟ ತಂತಿಯ ತುದಿಯ ದೀಪವನ್ನು ಆ ಡಬ್ಬದ ಕಣ್ಣಿನ ಮುಂದೆ ಅಂಟಿಸಬೇಕು, ಇದು ಕಣ್ಣು ಮಿಟುಕಿಸಿದರೆ ಅದು ಚಾನೆಲ್ ಬದಲಿಸಬೇಕು. ಅಂಟಿಸಿದ್ದು ಸೆಲ್ಲೋಟೇಪಿನಲ್ಲಿ. ಬೇಸಗೆಗೆ ಟೇಪು ಜಾರಿತು, 47 ಎಂದರೆ ಡಬ್ಬಕ್ಕೆ 4 ಮಾತ್ರ ಕೇಳಿಸಿತು. ಒಂದು ವಾರ ಹೆಂಡತಿಯ ಅಡುಗೆ ಕಾರ್ಯಕ್ರಮದ ಬದಲು ಊರಿನ ಸುದ್ದಿ ತುಂಬಿಕೊಂಡಿತ್ತು. ಅವಳು ನಕ್ಕಳು ಅಷ್ಟೆ. ಈ ವಿದ್ಯೆ ನನಗೆ ಎಲ್ಲಿ ಬಂತು ಅಂತ ಅವಳಿಗೆ ಹೇಳಿರಲಿಲ್ಲ.

2011ರಲ್ಲಿ ಮನೆ ಬದಲಾಯಿಸಿದಾಗ ಅವಳು ಗೆದ್ದಳು. ಟಿವೋ ಗ್ಯಾರೇಜಿಗೆ ಹೋಯಿತು, ಬಾಡಿಗೆ ಡಬ್ಬ ಒಳಗೆ ಬಂತು. ನಾಲ್ಕು ವರ್ಷದಲ್ಲಿ ಅದರೊಳಗೆ ಏನೇನೋ ಸೇರಿತು. ಊರಿನ ಸಮುದಾಯ ಚಾನೆಲ್ಲಿನಲ್ಲಿ ಬಂದ ಮಗಳ ಸ್ಪೆಲಿಂಗ್ ಸ್ಪರ್ಧೆಯೂ ಇತ್ತು, ಎಂಟನೇ ಸುತ್ತಿನಲ್ಲಿ ಅವಳು ತುಟಿ ಕಚ್ಚುವುದೂ ಇತ್ತು. ಹೊಸ ಮಾದರಿ ಬಂದಿದೆ, ಹಳೆಯದು ವಾಪಸು ತನ್ನಿ ಎಂದರು. ಕಛೇರಿಯ ಕಿಟಕಿಯಲ್ಲಿ ಕೂತ ಹುಡುಗ ವೈರು ಸುತ್ತಿ, ಡಬ್ಬವನ್ನು ಹಿಂದಿನ ರಾಶಿಯ ಮೇಲಿಟ್ಟ. ಒಳಗಿರುವುದನ್ನು ತೆಗೆದುಕೊಡಲಾಗುತ್ತದೆಯೇ ಎಂದು ಕೇಳಿದೆ. ತಲೆ ಅಲ್ಲಾಡಿಸಿ, ಸಹಿ ಹಾಕಲು ಪೆನ್ನು ಕೊಟ್ಟ.

2025ರ ಅಕ್ಟೋಬರಿನಿಂದ ಟಿವೋದವರೂ ಪೆಟ್ಟಿಗೆ ಮಾರುವುದನ್ನು ನಿಲ್ಲಿಸಿದ್ದಾರೆ. ಅರಸೀಕೆರೆಯ ಬೀರುವಿನಲ್ಲಿ ಆ ಕ್ಯಾಸೆಟ್ಟು ಇನ್ನೂ ಇದೆ, ಮೇಲಿನ ಟೇಪು ಬೆಲ್ಲದ ಬಣ್ಣಕ್ಕೆ ತಿರುಗಿದೆ ಎಂದು ಅಮ್ಮ ಹೇಳಿದಳು.

ಕಡಲೇಕಾಯಿಯನ್ನು ಬೋರಲು ಹಾಕಿ ಬೆನ್ನಿನ ಮುಚ್ಚಳ ಜಾರಿಸಿದೆ. ಒಂದು ಶೆಲ್ಲು ಸೋರಿ ಬಿಳಿ ಹಿಟ್ಟು ಕಟ್ಟಿತ್ತು.

“ಸಿಕ್ತೇನ್ರೀ?” ಎಂದಳು ಹಾಲಿನಿಂದ.

“ಒಂದು ಸಿಕ್ತು.”