ಸಾಲದ ಅಂಕಪಟ್ಟಿ

ಸಾಲವೆಂದರೆ ಎದೆ ಝಲ್ಲೆನ್ನುವ ಮನೆಯಲ್ಲಿ ಬೆಳೆದವಳು ನಾನು. ಅಂಗಡಿಯ ಉದ್ರಿ ಪುಸ್ತಕದಲ್ಲಿ ಮನೆಯ ಹೆಸರು ಇರುವುದೇ ಅವಮಾನವೆಂದು ಅಮ್ಮ ತಿಳಿದಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಕೇಳಿ ಕೇಳಿ, ನಾವು ಕಾಲು ಮಡಚಿಯೇ ಮಲಗುತ್ತಿದ್ದೆವು ಎನ್ನಿ. ಈಗ ನೋಡಿದರೆ ಸಾಲ ಮಾಡದೆ ಬದುಕಿದ್ದೇ ಒಂದು ಕೊರತೆಯಂತೆ! ತಮಾಷೆಗೆ ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದು.

ನನ್ನ ನಾದಿನಿಯ ಪರ್ಸಿನಲ್ಲಿ ಹತ್ತು ಹನ್ನೆರಡು ವರ್ಷ ಒಂದು ಕ್ರೆಡಿಟ್ ಕಾರ್ಡ್ ಇತ್ತು. ಮೂರು ವರ್ಷದ ಹಿಂದೆ ಅವಳ ಯಜಮಾನರು ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಔಷಧಿ ಅಂಗಡಿಯಲ್ಲಿ ಕಾರ್ಡ್ ಕೊಟ್ಟರೆ ಯಂತ್ರ ಒಪ್ಪಲಿಲ್ಲ. ಬ್ಯಾಂಕಿಗೆ ಹೋದಾಗ ತಿಳಿಯಿತು, ಅದು ‘ಆ್ಯಡ್-ಆನ್’ ಕಾರ್ಡ್, ಗಂಡನ ಕಾರ್ಡಿಗೆ ಕಟ್ಟಿದ ಬಾಲ. ಮೂಲ ಕಾರ್ಡ್ ನಿಂತ ಮೇಲೆ ಬಾಲವೆಲ್ಲಿ ಅಲ್ಲಾಡೀತು? “ಕಾರ್ಡಿನ ಮೇಲೆ ಹೆಸರು ನಂದೇ ಇತ್ತಲ್ಲ ಅತ್ತಿಗೆ” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಹೊಸ ಕಾರ್ಡ್ ಕೇಳಿದ್ದಕ್ಕೆ ಕೌಂಟರಿನ ಹುಡುಗ ಎರಡು ಪ್ರಶ್ನೆ ಹಾಕಿದ. ಆದಾಯದ ದಾಖಲೆ ಇದೆಯೇ? ಸಿಬಿಲ್ ಅಂಕ ಎಷ್ಟು? ಎರಡೂ ಇಲ್ಲ. ಅಡಿಕೆ ವ್ಯಾಪಾರದ ಲೆಕ್ಕವನ್ನು ಇಪ್ಪತ್ತೈದು ವರ್ಷ ಬರೆದವಳು ಅವಳೇ. ಆದರೆ ಖಾತೆ, ಸಾಲ, ತೆರಿಗೆ ಎಲ್ಲ ಗಂಡನ ಹೆಸರಿನಲ್ಲಿ. ಬ್ಯಾಂಕಿನ ಕಣ್ಣಿಗೆ ಆಕೆ ಹುಟ್ಟೇ ಇರಲಿಲ್ಲ.

ಈ ಸಿಬಿಲ್ ಎಂಬ ಸಂಸ್ಥೆ 2000ದಲ್ಲಿ ಆರಂಭವಾದದ್ದು. ಸಾಲ ತೆಗೆದುಕೊಂಡವರು ಹೇಗೆ ತೀರಿಸಿದರೆಂದು ನೋಡಿ 300ರಿಂದ 900ರವರೆಗೆ ಅಂಕ ಕೊಡುತ್ತದೆ. 750 ದಾಟಿದರೆ ಒಳ್ಳೆಯ ವಿದ್ಯಾರ್ಥಿ. ಸಾಲವನ್ನೇ ಮಾಡದವರಿಗೆ ಸೊನ್ನೆಯೂ ಇಲ್ಲ, ಅಂಕವೇ ಇಲ್ಲ. ನಮ್ಮ ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಪಾಸೂ ಅಲ್ಲ ಫೇಲೂ ಅಲ್ಲ, ಆಬ್ಸೆಂಟ್! ರಿಸರ್ವ್ ಬ್ಯಾಂಕಿನ ನಿಯಮದಂತೆ 2017ರಿಂದ ವರ್ಷಕ್ಕೊಮ್ಮೆ ಈ ವರದಿಯನ್ನು ಪೂರ್ತಿಯಾಗಿ, ಕಾಸಿಲ್ಲದೆ ತರಿಸಿಕೊಳ್ಳಬಹುದು. ಕುತೂಹಲಕ್ಕೆ ನನ್ನದನ್ನೂ ತರಿಸಿದೆ. ಮೂವತ್ತು ವರ್ಷ ಸಂಬಳ ಎಣಿಸಿದ ನಾನೂ ಆಬ್ಸೆಂಟೇ. ಮನೆ ಸಾಲ ನಮ್ಮವರ ಹೆಸರಿನಲ್ಲಿತ್ತಲ್ಲ!

ಸಂಬಳದ ಖಾತೆ ಇದ್ದುದರಿಂದ ನನಗೆ ಅದೇ ಬ್ಯಾಂಕಿನಲ್ಲಿ ಕಾರ್ಡ್ ಸಿಕ್ಕಿತು. ನಾದಿನಿಗೆ ಇನ್ನೊಂದು ದಾರಿ ಇತ್ತು. ಅವಳ ಹೆಸರಿನಲ್ಲೇ ಫಿಕ್ಸೆಡ್ ಡಿಪಾಸಿಟ್ ಇಟ್ಟು, ಅದರ ಆಧಾರದ ಮೇಲೆ ಕಾರ್ಡ್ ಪಡೆಯುವುದು. ಸಂಬಳದ ಚೀಟಿ ಕೇಳುವುದಿಲ್ಲ. ಠೇವಣಿಯ ಒಂದು ಪಾಲಿನಷ್ಟು ಮಿತಿ ಕೊಡುತ್ತಾರೆ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಕಟ್ಟದಿದ್ದರೆ ಅದರಿಂದಲೇ ಮುರಿದುಕೊಳ್ಳುತ್ತಾರೆ. 50,000 ಇಟ್ಟು ಶುರು ಮಾಡಿದಳು.

ಯಾವ ಕಾರ್ಡ್ ಎಂದು ಆರಿಸುವುದು ಸೀರೆ ಆರಿಸುವುದಕ್ಕಿಂತ ಸುಲಭ, ಅಂಚಿಗೆ ಮರುಳಾಗದಿದ್ದರೆ. ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಊಟವೆಂದು ಫೋನಿನ ಹುಡುಗಿ ಆಸೆ ತೋರಿಸಿದಳು. ನಮ್ಮ ತೀರ್ಥಹಳ್ಳಿಗೆ ರೈಲೇ ಬಂದಿಲ್ಲ. ಶಿವಮೊಗ್ಗದಲ್ಲಿ 2023ರಲ್ಲಿ ವಿಮಾನ ನಿಲ್ದಾಣವಾಯಿತು, ನಿಜ. ಅದರ ಗೇಟನ್ನೂ ನಾನು ನೋಡಿಲ್ಲ. ಆ ಊಟಕ್ಕಾಗಿ ಸಾವಿರಾರು ರೂಪಾಯಿ ವಾರ್ಷಿಕ ಶುಲ್ಕವೇ? ನಾವು ಕೇಳಿದ್ದು ಮೂರೇ: ಶುಲ್ಕವಿಲ್ಲದ್ದು, ಚಿಕ್ಕ ಮಿತಿಯದ್ದು, ದಿನಸಿ ಅಂಗಡಿಯಲ್ಲಿ ನಡೆಯುವಂಥದ್ದು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದಾದ್ದರಿಂದ ಅಂಗಡಿಯ ಚೌಕದ ಚಿತ್ರಕ್ಕೆ ಫೋನ್ ಹಿಡಿದರೂ ಸಾಕು.

ಇನ್ನು ಬಿಲ್ಲಿನಲ್ಲಿ ಒಂದು ಮೋಹಿನಿ ಇದ್ದಾಳೆ, ‘ಕನಿಷ್ಠ ಪಾವತಿ’ ಎಂದು ಅವಳ ಹೆಸರು. 20,000ದ ಬಿಲ್ಲಿಗೆ 1,000 ಕಟ್ಟಿದರೆ ಸಾಕು ಎನ್ನುತ್ತಾಳೆ. ಉಳಿದ 19,000ಕ್ಕೆ ತಿಂಗಳಿಗೆ ನೂರಕ್ಕೆ 3.5ರಂತೆ ಬಡ್ಡಿ 665. ಬಡ್ಡಿಯ ಮೇಲೆ ನೂರಕ್ಕೆ 18 ಜಿಎಸ್‌ಟಿ, ಸುಮಾರು 120. ಮುಂದಿನ ತಿಂಗಳು ಮತ್ತೆ ಸಾವಿರ ಕಟ್ಟಿದರೆ 785 ಬಡ್ಡಿಗೂ ತೆರಿಗೆಗೂ ಹೋಗಿ, ಅಸಲಿಗೆ ಸೇರುವುದು 215. ಒಂಬತ್ತನೇ ತರಗತಿಯ ಮಕ್ಕಳಿಗೆ ಈ ಲೆಕ್ಕ ಹಾಕಿಸಿದೆ. “ವರ್ಷಕ್ಕೆ ನೂರಕ್ಕೆ 42 ಆಯ್ತಲ್ಲ ಟೀಚರ್! ನಮ್ಮೂರಿನ ಬಡ್ಡಿ ಸಾಹುಕಾರರೇ ವಾಸಿ” ಎಂದ ಒಬ್ಬ. ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ. ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಈ ಕಾರ್ಡ್ ಸ್ನೇಹಿತೆ.

ಬೇಡವೆನಿಸಿದರೆ ಬಿಡುವ ಹಕ್ಕೂ ನಮಗಿದೆ. ಬಾಕಿ ತೀರಿಸಿ ಅರ್ಜಿ ಕೊಟ್ಟ 7 ಕೆಲಸದ ದಿನಗಳಲ್ಲಿ ಕಾರ್ಡ್ ಮುಚ್ಚದಿದ್ದರೆ, ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕೇ ನಮಗೆ ತೆರಬೇಕೆಂದು 2022ರ ನಿಯಮ ಹೇಳುತ್ತದೆ. ಕೇಳದೆ ಕಾರ್ಡ್ ಕಳಿಸುವಂತೆಯೂ ಇಲ್ಲ.

ನಾದಿನಿ ಪ್ರತಿ ತಿಂಗಳು ಗ್ಯಾಸ್, ದಿನಸಿ, ಔಷಧಿಯಷ್ಟನ್ನೇ ಕಾರ್ಡಿನಲ್ಲಿ ಕೊಂಡು, ಬಿಲ್ಲು ಬಂದ ದಿನವೇ ತೀರಿಸಿದಳು. ವರ್ಷ ಕಳೆದ ಮೇಲೆ ವರದಿ ತರಿಸಿದರೆ 762! ಮುದ್ರಿಸಿ ತಂದು ನನ್ನ ಮುಂದಿಟ್ಟು, “ಸಹಿ ಹಾಕ್ತೀರಾ ಟೀಚರಮ್ಮ?” ಎಂದು ನಕ್ಕಳು. ಅವರು ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಸಾಲ ಮಾಡಿರೆಂದು ಯಾರಿಗೂ ಹೇಳಲಾರೆ. ಅಮ್ಮನ ಮಗಳು ನಾನು. ಆದರೆ ಅಕ್ಕತಂಗಿಯರೇ, ನಿಮ್ಮ ಪರ್ಸಿನಲ್ಲಿರುವ ಕಾರ್ಡ್ ನಿಜವಾಗಿ ಯಾರದ್ದೆಂದು ಒಮ್ಮೆ ವಿಚಾರಿಸಿ. ಯಜಮಾನರು ಎದುರಿಗೆ ಕೂತು ಕಾಫಿ ಕುಡಿಯುತ್ತಿರುವಾಗಲೇ ವಿಚಾರಿಸಿ.