ವರ್ಗಮೂಲದಷ್ಟು ಹೆಚ್ಚುಕಡಿಮೆ

ಠಾಣಾ ಕುಶನೂರಿನಿಂದ ಭಾಲ್ಕಿ, ಹುಮನಾಬಾದ ದಾಟಿ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಎಂ.ಎಸ್ಸಿ. ಓದಲು ಹೋದ ನನಗೆ ನ್ಯೂಕ್ಲಿಯರ್ ಲ್ಯಾಬು ಮೊದಲ ನೋಟಕ್ಕೆ ನಿರಾಸೆಯನ್ನೇ ಮಾಡಿತು. ಊರಲ್ಲಿ ಕಾಕಾ ಕೇಳಿದ್ದರು: "ಬಾಂಬ್ ಮಾಡ್ಲಾಕ ಕಲಸ್ತಾರೇನೋ ತಮ್ಮಾ?" ಇಲ್ಲಿ ನೋಡಿದರೆ ಹೊಗೆಯಿಲ್ಲ, ಬೆಂಕಿಯಿಲ್ಲ. ಅಂಕಿ ತೋರಿಸುವ ಒಂದು ಪೆಟ್ಟಿಗೆ, ಸೀಸದ ಗೂಡೊಳಗೆ ಒಂದು ಜಿ.ಎಂ. ಟ್ಯೂಬು, ಚಿಮಟದಲ್ಲಿ ಹಿಡಿದು ಇಡಬೇಕಾದ ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆಯೊಳಗೆ ಕಣ್ಣಿಗೆ ಬೀಳದಷ್ಟು ಸೀಸಿಯಂ-137. ಅದರಲ್ಲಿ ಅರ್ಧ ಕರಗಲು ಸುಮಾರು 30 ವರ್ಷ ಬೇಕು.

ಮೊದಲ ಪ್ರಯೋಗ ಟ್ಯೂಬಿನದೇ. ವೋಲ್ಟೇಜ್ ಏರಿಸುತ್ತ ಹೋದರೆ ಒಂದು ಹಂತದವರೆಗೆ ಅದು ಪಿಟ್ಟೆನ್ನುವುದಿಲ್ಲ. ಆಮೇಲೆ ಎಣಿಕೆ ಸರ್ರನೆ ಏರಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಗ್ರಾಫಿನ ಆ ಸಪಾಟು ಜಾಗವೇ ಪ್ಲೇಟೊ, ಟ್ಯೂಬಿಗೆ ಕೆಲಸ ಹಚ್ಚಬೇಕಾದದ್ದು ಅಲ್ಲಿ. ಅದನ್ನೂ ಮೀರಿ ಏರಿಸಿದರೆ ಟ್ಯೂಬು ಹಾಳು. ಗೈಗರ್ ಮತ್ತು ಮ್ಯೂಲರ್ ಈ ಟ್ಯೂಬನ್ನು ರೂಪಿಸಿದ್ದು 1928ರಲ್ಲಿ. ಅದಕ್ಕೂ ಮುಂಚೆ ಇದೇ ಗೈಗರ್ ರುದರ್‌ಫೋರ್ಡರ ಪ್ರಯೋಗಾಲಯದ ಕತ್ತಲಲ್ಲಿ ಕೂತು, ತೆರೆಯ ಮೇಲಿನ ಮಿಣುಕುಗಳನ್ನು ಕಣ್ಣಿಂದಲೇ ಎಣಿಸುತ್ತಿದ್ದರು. ಯಂತ್ರ ಬೇಕೆಂಬ ಹಂಬಲ ಅವರಿಗಲ್ಲದೆ ಇನ್ಯಾರಿಗೆ ಹುಟ್ಟಬೇಕಿತ್ತು!

ಬಿಲ್ಲೆ ಇಟ್ಟು ಎಣಿಸುವಾಗ ಕೇಳುವ ಟಿಕ್ಕು ಗಡಿಯಾರದ್ದಲ್ಲ. ಪಂಚಮಿಗೆ ಜೋಳದ ಅಳ್ಳು ಹುರಿಯುವಾಗಿನ ಸದ್ದು ಅದು: ಒಂದು ಸಿಡಿಯುತ್ತದೆ, ಸುಮ್ಮನಾಗುತ್ತದೆ, ಮರುಗಳಿಗೆ ಎರಡು ಮೂರು ಒಟ್ಟಿಗೇ. ಬಿಲ್ಲೆ ಅಲುಗಿಸದೆ, ಗುಂಡಿ ಮುಟ್ಟದೆ ಮತ್ತೆ ಎಣಿಸಿದರೂ ಅದೇ ಸಂಖ್ಯೆ ಬರಲಿಕ್ಕಿಲ್ಲ. ಸರಾಸರಿ 100 ಇದ್ದರೆ ಒಮ್ಮೆ 93, ಒಮ್ಮೆ 108. ಹತ್ತರಷ್ಟು ಆಚೀಚೆ ಆಗುವುದು ಅದರ ಸ್ವಭಾವ, ಏಕೆಂದರೆ 100ರ ವರ್ಗಮೂಲ 10. ಹತ್ತು ಸಾವಿರ ಎಣಿಸಿದರೆ ಹೆಚ್ಚುಕಡಿಮೆ ನೂರು, ಅಂದರೆ ಶೇಕಡಾ ಒಂದಕ್ಕೆ ಇಳಿಯುತ್ತದೆ. ಕೂತು ಎಣಿಸುವುದೊಂದೇ ದಾರಿ.

ಡಿಗ್ರಿಯ ಪ್ರಾಕ್ಟಿಕಲ್‌ಗಳಲ್ಲಿ ರೀಡಿಂಗ್ ಹೊಂದಿಸುವ ಕಲೆ ಯಾರಿಗೆ ತಿಳಿದಿಲ್ಲ? ಉತ್ತರ ಮೊದಲೇ ಗೊತ್ತು, ಅಲ್ಲಿಂದ ಹಿಮ್ಮುಖವಾಗಿ ಬರೆದರಾಯಿತು. ಈ ಲ್ಯಾಬಿನಲ್ಲಿ ಮಾತ್ರ ಆ ಜಾಣತನಕ್ಕೆ ಬೆಲೆಯಿಲ್ಲ. 100, 101, 99, 100 ಎಂದು ನೀಟಾಗಿ ಬರೆದವನೇ ಮೊದಲು ಸಿಕ್ಕಿಬೀಳುತ್ತಾನೆ. ಒಂದೇ ಪರಮಾಣು ಯಾವಾಗ ಸಿಡಿಯುತ್ತದೆಂದು ಮೇಷ್ಟ್ರೂ ಹೇಳಲಾರರು, ಐನ್‌ಸ್ಟೈನರೂ ಹೇಳಲಾರರು. ಕೋಟಿಗಟ್ಟಲೆ ಸೇರಿದರೆ ಮಾತ್ರ 30 ವರ್ಷದ ಕರಾರು ತಪ್ಪುವುದಿಲ್ಲ. ವಿಜ್ಞಾನ ಕಲಿಸುವವರು ಈ ಪ್ರಯೋಗವನ್ನು ಹೈಸ್ಕೂಲಿಗೇ ತರಬೇಕೆಂದು ನನಗನಿಸುವುದು ಇದಕ್ಕೇ.

ಬಿಲ್ಲೆ ತೆಗೆದಿಟ್ಟರೂ ಟಿಕ್ಕು ಪೂರಾ ನಿಲ್ಲುವುದಿಲ್ಲ. ಅದು ಹಿನ್ನೆಲೆ ವಿಕಿರಣ: ಆಕಾಶದಿಂದ, ಗೋಡೆಯಿಂದ, ನೆಲದಿಂದ ಬರುವಂಥದ್ದು. ಪ್ರತಿ ಎಣಿಕೆಯಿಂದಲೂ ಅದನ್ನು ಕಳೆಯಬೇಕು. ರಜೆಯಲ್ಲಿ ಊರಿಗೆ ಬಂದಾಗ ಕಾಕಾಗೆ ಇದನ್ನು ಹೇಳಿದೆ.

"ಹಂಗಂದ್ರ ನಮ್ ಹೊಲದಾಗೂ ಅದ ಏನು?"

ಅದ, ಆದರ ಕಮ್ಮಿ ಎಂದೆ. ನಮ್ಮ ಎರೆಭೂಮಿಯ ಕೆಳಗಿರುವುದು ಲಾವಾ ಆರಿ ಆದ ಕರಿಕಲ್ಲು. ಗ್ರಾನೈಟಿಗೆ ಹೋಲಿಸಿದರೆ ಅದರಲ್ಲಿ ಯುರೇನಿಯಂ, ಥೋರಿಯಂ ಎರಡೂ ಕಡಿಮೆ. ಯುರೇನಿಯಂ ನಿಕ್ಷೇಪ ಸಿಕ್ಕಿರುವುದು ಅತ್ತ ಶಹಾಪುರದ ಗೋಗಿಯಲ್ಲಿ. ಕಾಕಾ ಸಮಾಧಾನದಿಂದ ಎಲೆ ಮಡಚಿದರು. ನಾನು ಸುಮ್ಮನಿರಬಹುದಿತ್ತು.

"ನಿಮ್ ಮೈಯಾಗೂ ಅದ ಕಾಕಾ. ತೊಗರಿಬ್ಯಾಳ್ಯಾಗ ಪೊಟ್ಯಾಸಿಯಂ ಇರ್ತದಲ್ಲ, ಅದರಾಗಿಂದು. ಸೆಕೆಂಡಿಗಿ ನಾಕ್ ಸಾವಿರ ಸಿಡೀತಾವ."

ಎಲೆ ಬಾಯಿಗೆ ಹೋಗುವ ಮೊದಲೇ ಕೈ ನಿಂತಿತು.

"ನಾಕ್ ಸಾವಿರ ಅಂತ ಎಣಿಸ್ದವ್ರು ಯಾರು?"

ವೈವಾದಲ್ಲೂ ಯಾರೂ ಕೇಳದ ಪ್ರಶ್ನೆ. ಮೈಯಲ್ಲಿರುವ ಪೊಟ್ಯಾಸಿಯಂ ಸುಮಾರು 140 ಗ್ರಾಂ, ಅದರಲ್ಲಿ ವಿಕಿರಣ ಸೂಸುವ ಪಾಲು ಶೇಕಡಾ 0.0117 ಎಂದು ಲೆಕ್ಕ ಶುರುಮಾಡಿದೆ. ಅರ್ಧಾಯುಷ್ಯ ನೂರಿಪ್ಪತ್ತೈದು ಕೋಟಿ ವರ್ಷ ಎನ್ನುವಷ್ಟರಲ್ಲಿ ಕಾಕಾ ಎಲೆ ಬಾಯಿಗಿಟ್ಟುಕೊಂಡು, ಸೋಯಾಬೀನ್ ರೇಟು ವಿಚಾರಿಸಲು ಎದ್ದು ಹೋದರು.